ಪುಲ್ಲಾ ಮಾಡುವ ಕೆಲಸ

ಪಾಲೊ ವರ್ಡೆ ಬಡಾವಣೆ, ಟೂಸಾನ್, ಅರಿಜೋನಾ
ಫೆಬ್ರವರಿ 3, 2022

ಅರ್ವೋ,

ಈ ವಾರ ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೊಂದು ಸಲವೂ ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ನೀನು ಬದುಕಿದ್ದೀಯೋ ಇಲ್ಲವೋ ತಿಳಿಯಲು ಕೊನೆಗೆ ನಿಮ್ಮೂರಿನ ಅಂಚೆ ಕಚೇರಿಗೆ ಫೋನ್ ಮಾಡಬೇಕಾಯಿತು. ಅಲ್ಲಿಯ ಹೆಂಗಸು, "ನಿಮ್ ತಮ್ಮಾನಾ? ಬೆಳಗ್ಗೆ ಬಂದಿದ್ರು, ಚೆನ್ನಾಗೇ ಇದಾರೆ. ನಾಯೀನೂ ಚೆನ್ನಾಗಿದೆ" ಎಂದಳು. ನಾಯಿಯ ಕ್ಷೇಮ ನಾನು ಕೇಳಿರಲಿಲ್ಲ.

ಜಿಲ್ಲೆಯ ತುರ್ತು ಕರೆ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ಕೂತು ಕಂಡವರ ಫೋನೆಲ್ಲ ಎತ್ತಿದ ಮನುಷ್ಯ, ನಿವೃತ್ತಿಯಾದ ಮೇಲೆ ಒಡಹುಟ್ಟಿದ ಅಕ್ಕನ ಫೋನು ಎತ್ತುವುದಿಲ್ಲ. ಇರಲಿ, ಅದರ ಜಗಳ ಆಮೇಲೆ.

ವಿಷಯ ಇಷ್ಟು. ಏಪ್ರಿಲ್ ಕೊನೆಗೆ ನೀನು ಇಲ್ಲಿಗೆ ಬಂದುಬಿಡು. ಒಂದೆರಡು ವಾರಕ್ಕಲ್ಲ, ಇರುವುದಕ್ಕೇ ಬಾ. ನಮ್ಮವರು ಹೋದ ಮೇಲೆ ಹಿಂದಿನ ಕೋಣೆ ಖಾಲಿ ಬಿದ್ದಿದೆ. ಹಿತ್ತಲಲ್ಲಿ ಕಿತ್ತಳೆ ಮರ ಇದೆ. ಅಲ್ಲಿ ನೀನು ಹಿಮ ಎತ್ತಿ ಎತ್ತಿ ಸೊಂಟ ಮುರಿದುಕೊಳ್ಳುವುದಕ್ಕಿಂತ ಇಲ್ಲಿ ಕೂತು ಕಿತ್ತಳೆ ಸುಲಿ. ಬೇರೆ ಕಾರಣವೇನೂ ಇಲ್ಲ. ಒಬ್ಬಳಿಗೇ ಅಡುಗೆ ಮಾಡಿ ಬೇಜಾರಾಗಿದೆ, ಅಷ್ಟೆ.

ನಾಯಿಯನ್ನೂ ಕರೆದುಕೊಂಡು ಬಾ. ನಮ್ಮ ಬಡಾವಣೆಯ ಸಮಿತಿ ಇಪ್ಪತ್ತೈದು ಪೌಂಡಿನವರೆಗಿನ ನಾಯಿಗೆ ಒಪ್ಪುತ್ತದೆ. ನಿನ್ನದು ಎಷ್ಟು ತೂಗುತ್ತದೆ?

ನಿನ್ನ ಅಕ್ಕ,
ಐಲಿ


ಕಲ್ಲಿಯೋ, ಮಿನೆಸೋಟಾ
ಫೆಬ್ರವರಿ 9

ಪ್ರೀತಿಯ ಅಕ್ಕಾ,

ನಲವತ್ತೆರಡು ಪೌಂಡು. ಮೀನಿನ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಅಂಗಡಿಯವನು, "ತಲೆ ತೆಗ್ದು ಕೊಡ್ಲಾ, ಹಾಗೇ ಕೊಡ್ಲಾ?" ಎಂದ. ಪುಲ್ಲಾಗೆ ಅದು ಕೇಳಿಸಲಿಲ್ಲ. ಅವಳಿಗೆ ಏನೂ ಕೇಳಿಸುವುದಿಲ್ಲ, ಹುಟ್ಟು ಕಿವುಡಿ. ಇದನ್ನು ನಿನಗೆ ಹೇಳಿದ್ದೆನೋ ಇಲ್ಲವೋ. ಅಮ್ಮ ಭಾನುವಾರ ಸುಡುತ್ತಿದ್ದ ಜಡೆ ಬ್ರೆಡ್ಡು ಪುಲ್ಲಾದ ಬಣ್ಣ ಇದೆಯೆಂದು ಆ ಹೆಸರಿಟ್ಟೆ. ಎಷ್ಟು ಕೂಗಿದರೂ ಬರುವುದಿಲ್ಲ. ನೆಲಕ್ಕೆ ಎರಡು ಸಲ ಕಾಲು ಬಡಿದರೆ ತಲೆ ಎತ್ತುತ್ತಾಳೆ. ಮನಸ್ಸಿದ್ದರೆ ಬರುತ್ತಾಳೆ.

ಇಪ್ಪತ್ತೈದು ಪೌಂಡಿಗೆ ಇಳಿಸಬೇಕೆಂದರೆ ಅವಳ ಹಿಂಭಾಗವನ್ನು ಇಲ್ಲೇ ಬಿಟ್ಟು ಬರಬೇಕಾಗುತ್ತದೆ. ಅವಳನ್ನು ಬಿಟ್ಟು ನಾನು ಬರುವುದಿಲ್ಲ. ಆದ್ದರಿಂದ ನಿನ್ನ ಸಮಿತಿಗೆ ನಮಸ್ಕಾರ.

ಫೋನಿನ ವಿಷಯ: ಸಿಟ್ಟಾಗಬೇಡ. ಕಾಗದ ಬರೆ. ಕಾಗದವಾದರೆ ಓದುತ್ತೇನೆ, ಉತ್ತರವನ್ನೂ ಬರೆಯುತ್ತೇನೆ.

ಅರ್ವೋ


ಟೂಸಾನ್
ಫೆಬ್ರವರಿ 16

ಅರ್ವೋ,

ಸಮಸ್ಯೆ ಬಗೆಹರಿಯಿತು. ಬಗೆಹರಿಸಿದವಳು ನಾನು, ಎಂದಿನಂತೆ.

ಮನಸ್ಸಿಗೆ ಆಸರೆಯಾಗುವ ಪ್ರಾಣಿ ಎಂದು ಒಂದು ಕಾನೂನು ಇದೆಯಂತೆ. ಅಂಥ ಪ್ರಾಣಿಗೆ ತೂಕವೂ ಇಲ್ಲ, ತಕರಾರೂ ಇಲ್ಲ. ಎಲ್ಲಿ ಬೇಕಾದರೂ ಇರಬಹುದು, ವಿಮಾನದಲ್ಲಿ ಕಾಲ ಬುಡದಲ್ಲೇ ಕೂರಬಹುದು. ಕಂಪ್ಯೂಟರಿನಲ್ಲಿ ಹುಡುಕಿದೆ. ಮೂರು ಪ್ರಶ್ನೆ ಕೇಳಿದರು. ಯಜಮಾನರಿಗೆ ಆಗಾಗ ಬೇಸರವಾಗುತ್ತದೆಯೇ? ಹೌದು. ಪ್ರಾಣಿ ಹತ್ತಿರ ಇದ್ದರೆ ಬೇಸರ ಕಡಿಮೆಯಾಗುತ್ತದೆಯೇ? ಹೌದು. ಕಾರ್ಡಿನ ನಂಬರು? ಅದನ್ನೂ ಕೊಟ್ಟೆ. ಐದು ನಿಮಿಷದಲ್ಲಿ ಪುಲ್ಲಾ ರಾಷ್ಟ್ರೀಯ ದಾಖಲೆಗೆ ಸೇರಿದಳು! ಚಿನ್ನದ ಬಣ್ಣದ ಮುದ್ರೆಯಿರುವ ಸರ್ಟಿಫಿಕೇಟು ಬಂತು. ಅದನ್ನು ಸಮಿತಿಗೆ ಕೊಟ್ಟು ಬಂದೆ. ನಾಯಿಗೆ ಹಾಕುವ ಕೆಂಪು ಅಂಗಿ ನೇರವಾಗಿ ನಿನಗೇ ಬರುತ್ತದೆ. ಹಾಕಿ ಫೋಟೋ ತೆಗೆದು ಕಳಿಸು.

ಹೀಗೆ ಮಾಡಬಹುದು ಎಂದು ಇಷ್ಟು ದಿನ ನಿನಗೇಕೆ ಹೊಳೆಯಲಿಲ್ಲವೋ!

ಐಲಿ


ಕಲ್ಲಿಯೋ
ಫೆಬ್ರವರಿ 23

ಅಕ್ಕಾ,

ಅಂಗಿ ಬಂತು. ಅಂಚೆ ಕಚೇರಿಯಲ್ಲೇ ಬಿಚ್ಚಿದ್ದು ನನ್ನ ತಪ್ಪು. ಅಲ್ಲಿದ್ದ ಆರು ಜನರೂ ಸೇರಿ ಅದನ್ನು ಪುಲ್ಲಾಗೆ ತೊಡಿಸಲು ನೋಡಿದರು. ಹೊಟ್ಟೆಯ ಕೆಳಗೆ ಪಟ್ಟಿ ಸೇರುವುದೇ ಕಷ್ಟವಾಯಿತು. ಅಂಚೆಯ ಹೆಂಗಸು, "ಉಸಿರು ಎಳ್ಕೊಳ್ಳೇ ತಾಯಿ" ಎಂದಳು. ಅವಳು ಉಸಿರು ಬಿಟ್ಟಳು, ಪಟ್ಟಿ ಕಿತ್ತು ಹೋಯಿತು. ಈಗ ಆ ಅಂಗಿಯ ಮೇಲೆಯೇ ಮಲಗುತ್ತಾಳೆ.

ನನ್ನ ಬೇಸರದ ಬಗ್ಗೆ ನನ್ನನ್ನು ಒಂದು ಮಾತೂ ಕೇಳದೆ ಮೂರು ಪ್ರಶ್ನೆಗೆ ನೀನೇ ಉತ್ತರ ಕೊಟ್ಟಿದ್ದೀಯ. ಆ ಸರ್ಟಿಫಿಕೇಟಿನಲ್ಲಿ ವೈದ್ಯರ ಸಹಿ ಯಾರದು? ನಾನು ಆ ವೈದ್ಯರನ್ನು ನೋಡಿದ್ದೇನೆಯೇ? ಅವರು ನನ್ನನ್ನು ನೋಡಿದ್ದಾರೆಯೇ?

ನನಗೇಕೋ ಇದು ಸರಿ ಕಾಣುತ್ತಿಲ್ಲ.

ಅರ್ವೋ


ಟೂಸಾನ್
ಮಾರ್ಚ್ 3

ಅರ್ವೋ,

ಈ ಕಾಗದ ಓದುವಾಗ ನಗಬೇಡ. ನಕ್ಕರೆ ನನಗೆ ಇಲ್ಲಿಗೇ ಗೊತ್ತಾಗುತ್ತದೆ.

ನಿನ್ನೆ ಸಮಿತಿಯ ಸಭೆ. ಅಧ್ಯಕ್ಷ ಮೆರಿಟ್ ಹಾಲ್‌ಸ್ಟೆಡ್, ವಿಮಾ ಕಂಪನಿಯಲ್ಲಿ ಬೇರೆಯವರ ಅರ್ಜಿ ತಿರಸ್ಕರಿಸುವುದನ್ನೇ ಕಸುಬು ಮಾಡಿಕೊಂಡಿದ್ದವನು, ಈಗ ಅದನ್ನೇ ಪುಕ್ಕಟೆ ಮಾಡುತ್ತಾನೆ. ನನ್ನ ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟ. ಅದರ ಪಕ್ಕ ಇನ್ನೊಂದು ಇಟ್ಟ. ಇನ್ನೊಂದು. ಒಟ್ಟು ಏಳು. ಏಳಕ್ಕೂ ಅದೇ ಮುದ್ರೆ, ಅದೇ ಸಹಿ, ಮೂರಕ್ಕೆ ನೋಂದಣಿ ಸಂಖ್ಯೆಯೂ ಅದೇ. ಅದರಲ್ಲಿ ಒಂದು ಹದಿನಾಲ್ಕನೇ ಮನೆಯವರ ಆಮೆಯದು.

"ಶ್ರೀಮತಿ ಬರ್ಗ್‌ಡಾಲ್, ಈ ಆಮೆ, ನಿಮ್ ತಮ್ಮನ ನಾಯಿ, ಎರಡೂ ಒಂದೇ ನಂಬರಲ್ಲಿ ಹುಟ್ಟಿದಾವಲ್ಲ. ಅವಳಿ ಜವಳಿನಾ?" ಎಂದ.

ಸಭೆಯೆಲ್ಲ ನಕ್ಕಿತು. ನಾನು, "ಆಮೆ ನಿಮ್ಮ ಸಮಿತಿಗಿಂತ ಬೇಗ ಕೆಲಸ ಮಾಡುತ್ತೆ" ಎಂದೆ. ಹೇಳಬಾರದಿತ್ತು. ಅರ್ಜಿ ತಿರಸ್ಕಾರವಾಯಿತು.

ಮನೆಗೆ ಬಂದು ಅಳುತ್ತಾ ಕೂತಿದ್ದೆ. ಪಕ್ಕದ ಮನೆಯ ಡೆಲ್ಫೀನಾ ಒಚೋವಾ ಬಂದಳು. ಮೂವತ್ತು ವರ್ಷ ನಗರದ ವಸತಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. "ಅಯ್ಯೋ ಐಲಿ, ಆ ಮುದ್ರೆ ಹಿಡ್ಕೊಂಡು ಹೋಗಿದ್ರಾ? ಅದಕ್ಕೆ ಬೆಲೆ ಇಲ್ಲ ಕಣ್ರೀ. ಅಂಥ ದಾಖಲೆ ಪುಸ್ತಕಾನೇ ದೇಶದಲ್ಲಿ ಎಲ್ಲೂ ಇಲ್ಲ!" ಎಂದಳು. ಕಾನೂನು ಇರುವುದು ನಿಜವಂತೆ. ಬೇಕಾದದ್ದು ಒಂದೇ: ನಿನ್ನನ್ನು ನಿಜವಾಗಿ ನೋಡಿಕೊಳ್ಳುವವರು, ಈ ಮನುಷ್ಯನಿಗೆ ಈ ಪ್ರಾಣಿ ಬೇಕು ಎಂದು ಬರೆದ ಕಾಗದ. ಕಾಯಿಲೆಯ ಹೆಸರನ್ನು ಕೂಡ ಬರೆಯಬೇಕಾಗಿಲ್ಲ. ಆ ಕಾಗದ ಬಂದರೆ ನಲವತ್ತೆರಡಿರಲಿ, ನೂರಿರಲಿ, ಮೆರಿಟ್ ಬಾಯಿ ಮುಚ್ಚಬೇಕು.

ನೀನು ನಿವೃತ್ತಿಯ ಹೊತ್ತಿಗೆ ಒಬ್ಬ ಆಪ್ತ ಸಲಹೆಗಾರ್ತಿಯ ಹತ್ತಿರ ಹೋಗುತ್ತಿದ್ದೆಯಲ್ಲ, ಮೇರಿಬೆತ್ ಸ್ಕೋಗ್. ಅವಳಿಂದ ಬರೆಸಿಕೊಂಡು ಕಳಿಸು. ಮುಂದಿನ ಸಭೆ ಮಾರ್ಚ್ 30. ಅದು ತಪ್ಪಿದರೆ ಏಪ್ರಿಲ್ ಕೊನೆ. ಅಷ್ಟು ತಡವಾಗಬಾರದು.

ಏಕೆ ಎಂದು ಕೇಳಬೇಡ. ಅಕ್ಕ ಹೇಳಿದಳು ಎಂದು ಮಾಡು.

ಐಲಿ


ಕಲ್ಲಿಯೋ
ಮಾರ್ಚ್ 12

ಅಕ್ಕಾ,

ನಗಲಿಲ್ಲ. ಆಮೆಯ ಹತ್ತಿರ ಬಂದಾಗ ಸ್ವಲ್ಪ ಕೆಮ್ಮು ಬಂತು.

ನಿನ್ನೆ ಆಸ್ಪತ್ರೆಗೆ ಹೋದೆ. ಮುಂದಿನ ಮೇಜಿನಲ್ಲಿ ಹೊಸ ಹುಡುಗಿ.

"ಮೇರಿಬೆತ್ ಅವರನ್ನ ನೋಡ್ಬೇಕಿತ್ತು," ಎಂದೆ.

"ಟೈಮ್ ತಗೊಂಡಿದೀರಾ ಸರ್?"

"ಇಲ್ಲ. ಈಗ ತಗೋತೀನಿ."

"ಅದು ಫೋನಲ್ಲೇ ಮಾಡ್ಬೇಕು ಸರ್. ಮೊದಲು ನೀವು ಮಾಡ್ಬೇಕು. ಆಮೇಲೆ ಅವರು ನಿಮಗೆ ವಾಪಸ್ ಮಾಡ್ತಾರೆ, ಎತ್ಕೊಳ್ಳಿ."

"ಅಮ್ಮಾ, ನಾನು ನಿನ್ನ ಎದುರಿಗೇ ನಿಂತಿದೀನಲ್ಲ."

"ಕಾಣ್ತಾ ಇದೆ ಸರ್. ಆದ್ರೆ ನನ್ನ ಕೈಲಿ ಇಲ್ಲ. ಫೋನ್ ಮಾಡಿ."

"ನಾನು ಬಂದಿರೋದೇ ನನಗೆ ಫೋನ್ ಆಗಲ್ಲ ಅಂತ."

"ಹೌದಾ? ಹಾಗಾದ್ರೆ ಅದನ್ನ ಫೋನ್ ಮಾಡ್ದಾಗ ಹೇಳಿಬಿಡಿ ಸರ್, ಅವರು ಬರ್ಕೊಳ್ತಾರೆ."

ಅವಳು ತಮಾಷೆ ಮಾಡುತ್ತಿರಲಿಲ್ಲ. ಪಾಪ, ನಗುನಗುತ್ತಲೇ ಹೇಳಿದಳು. ಪುಲ್ಲಾಗೆ ಒಂದು ಬಿಸ್ಕತ್ತನ್ನೂ ಕೊಟ್ಟಳು. ನಾನು ವಾಪಸ್ ಬಂದೆ.

ಅಕ್ಕಾ, ಇದು ಈ ವರ್ಷ ಆಗುವ ಕೆಲಸವಲ್ಲ. ಮುಂದಿನ ವರ್ಷ ನೋಡೋಣ. ನಿನ್ನ ಕಿತ್ತಳೆ ಎಲ್ಲಿಗೂ ಓಡಿ ಹೋಗುವುದಿಲ್ಲ.

ಅರ್ವೋ


ಟೂಸಾನ್
ಮಾರ್ಚ್ 18

ಅರ್ವೋ,

ನಿನಗೆ ನಾಯಿ ಒಂದು ನೆಪ. ಈಗ ಹೇಳಿಯೇ ಬಿಡುತ್ತೇನೆ.

ನಮ್ಮವರನ್ನು ಮಣ್ಣು ಮಾಡಿದ ದಿನ ನೀನು ಬರಲಿಲ್ಲ. ಆಗ ನಾಯಿ ಇರಲಿಲ್ಲ, ಕೆಲಸ ನೆಪವಾಗಿತ್ತು. ಅದಾದ ಮೇಲೆ ಸೊಂಟ ನೆಪ, ಆಮೇಲೆ ಹಿಮ, ಈಗ ಕಿವುಡು ನಾಯಿ. ಒಂದು ಫೋನು ಮಾಡುವುದಕ್ಕೆ ಆಗುವುದಿಲ್ಲವಂತೆ! ಕಂಡವರ ಮನೆಗೆ ಬೆಂಕಿ ಬಿದ್ದರೆ, ಕಂಡವರ ಗಂಡಂದಿರ ಎದೆ ನಿಂತರೆ, ಎಷ್ಟು ಸಮಾಧಾನವಾಗಿ ಮಾತಾಡುತ್ತಿದ್ದೆ ನೀನು. ಜಿಲ್ಲೆಯೇ ಹೊಗಳುತ್ತಿತ್ತು. ನನ್ನ ಪಾಲಿಗೆ ಮಾತ್ರ ಆ ದನಿ ಇಲ್ಲ.

ನಾನು ಏನೋ ಒಂದನ್ನು ಕೇಳುತ್ತಿದ್ದೇನೆ ಎಂದರೆ ಅದಕ್ಕೆ ಕಾರಣ ಇರುತ್ತದೆ ಎಂದು ನಿನಗೆ ಅನ್ನಿಸುವುದೇ ಇಲ್ಲವೇ?

ಹೋಗಲಿ. ಇರು ಅಲ್ಲೇ.

ಐಲಿ


ಕಲ್ಲಿಯೋ
ಮಾರ್ಚ್ 24

ಅಕ್ಕಾ,

ಇದರೊಳಗೆ ಮೇರಿಬೆತ್ ಅವರ ಕಾಗದ ಇದೆ. 30ಕ್ಕೆ ಮುಂಚೆ ಸಿಗಲಿ ಎಂದು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಅದನ್ನು ಹೇಗೆ ಪಡೆದೆ ಎಂದು ನೀನು ತಿಳಿಯಬೇಕು.

ನಿನ್ನೆ ಮತ್ತೆ ಆಸ್ಪತ್ರೆಗೆ ಹೋಗಿ ಕಾಯುವ ಕುರ್ಚಿಯಲ್ಲಿ ಕೂತೆ. "ಮೇರಿಬೆತ್ ಮನೆಗೆ ಹೋಗೋವಾಗ ಈ ಬಾಗಿಲಲ್ಲೇ ತಾನೇ ಹೋಗ್ಬೇಕು? ಕಾಯ್ತೀನಿ" ಎಂದೆ. ಹುಡುಗಿ ಬೇಡವೆನ್ನಲಿಲ್ಲ. ಹನ್ನೊಂದು ಗಂಟೆಗೆ ಅವಳ ಮೇಜಿನ ಫೋನು ಹೊಡೆಯಿತು. ಅವಳು ಒಳಗೆ ಹೋಗಿದ್ದಳು. ಅದು ಹೊಡೆಯುತ್ತಲೇ ಇತ್ತು. ಎಂಟು ಸಲವೋ ಹತ್ತು ಸಲವೋ. ನನಗೆ ಗೊತ್ತಾಗುವಷ್ಟರಲ್ಲಿ ನಾನು ಕುರ್ಚಿ ಬಿಟ್ಟು ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದೆ. ಅಂಗಿ ಬೆವರಿನಲ್ಲಿ ನೆನೆದಿತ್ತು.

ನನ್ನ ಕೆಲಸದ ಕೊನೆಯ ವರ್ಷದ ಚಳಿಗಾಲದಲ್ಲಿ ಒಂದು ಕರೆ ಬಂದಿತ್ತು. ಮೀನು ಹಿಡಿಯಲು ಹೋದವನ ಗಾಡಿ ಕೆರೆಯ ಮಂಜುಗಡ್ಡೆ ಒಡೆದು ಒಳಗಿಳಿಯುತ್ತಿತ್ತು. ಜನ ತಲುಪುವವರೆಗೆ ನನ್ನ ಜೊತೆ ಮಾತಾಡುತ್ತಲೇ ಇರಿ ಎಂದು ನಾನೇ ಹೇಳಿದೆ. ಮಾತಾಡಿದ. ಆಮೇಲೆ ಮಾತು ನಿಂತಿತು. ಅಷ್ಟರಲ್ಲಿ ಪಕ್ಕದ ಫೋನು ಹೊಡೆಯಿತು, ಅದನ್ನು ಎತ್ತಿದೆ. ಎತ್ತಲೇಬೇಕಲ್ಲ. ನಿಮ್ಮವರ ಮಣ್ಣಿಗೆ ನಾನು ಬರದೇ ಇದ್ದದ್ದು ಅದರ ಮರುವಾರ.

ಅಂದಿನಿಂದ ಯಾವ ಫೋನು ಹೊಡೆದರೂ ಆ ಮನುಷ್ಯನೇ ಅನ್ನಿಸುತ್ತದೆ. ಹಾಗೆ ಅನ್ನಿಸಿದಾಗ ನಾನು ಪುಲ್ಲಾಳನ್ನು ನೋಡುತ್ತೇನೆ. ಅವಳು ಗೊರಕೆ ಹೊಡೆಯುತ್ತಿರುತ್ತಾಳೆ. ಕೋಣೆಯಲ್ಲಿ ಏನೂ ಆಗಿಲ್ಲ ಎಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತಿರುವುದರಿಂದ ನಿಧಾನಕ್ಕೆ ನನಗೂ ಗೊತ್ತಾಗುತ್ತದೆ. ಅಷ್ಟೇ ಅಕ್ಕಾ. ಬೇರೆ ನಾಯಿಯಾದರೆ ಕಿವಿ ನಿಮಿರಿಸಿ ಎದ್ದು ನಿಲ್ಲುತ್ತಿತ್ತು. ಇವಳು ಮಲಗಿರುತ್ತಾಳೆ.

ನಿನ್ನೆಯೂ ಹಾಗೇ ಮಲಗಿದ್ದಳು. ಮೇರಿಬೆತ್ ಹೊರಗೆ ಬಂದು, ನನ್ನನ್ನೂ ನಾಯಿಯನ್ನೂ ನೋಡಿ, ನೆಲದ ಮೇಲೆಯೇ ಪಕ್ಕದಲ್ಲಿ ಕೂತರು. ಆಮೇಲೆ, "ಏಳೋದು ಬೇಡ ಅರ್ವೋ, ಇಲ್ಲೇ ಬರೀತೀನಿ" ಎಂದರು. ಆ ಹುಡುಗಿ ಅಳುತ್ತಾ ಪೆನ್ನು ತಂದುಕೊಟ್ಟಳು.

ಇದನ್ನು ನಿನಗೆ ಫೋನಿನಲ್ಲಿ ಹೇಗೆ ಹೇಳಲಿ?

ಅರ್ವೋ


ಟೂಸಾನ್
ಏಪ್ರಿಲ್ 1

ಅರ್ವೋ ಪುಟ್ಟಾ,

ಮಾರ್ಚ್ 18ರ ಕಾಗದವನ್ನು ಒಲೆಗೆ ಹಾಕು. ಹಾಕಿದೆ ಎಂದು ಬರೆ.

ಮೆರಿಟ್ ಮೇರಿಬೆತ್ ಕಾಗದವನ್ನು ಎರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿದ. "ಇದಕ್ಕೆ ಮುದ್ರೆ ಇಲ್ಲ," ಎಂದ. ಡೆಲ್ಫೀನಾ, "ಅದಕ್ಕೇ ಇದು ನಿಜವಾದದ್ದು" ಎಂದಳು. ಅನುಮತಿ ಆಯಿತು. ತೂಕದ ಮಾತು ಎತ್ತಲೇ ಇಲ್ಲ. ಗಾಡಿಯನ್ನು ಮಾತ್ರ ಗೆರೆಯೊಳಗೇ ನಿಲ್ಲಿಸಬೇಕಂತೆ. ಯಾವ ಗಾಡಿ? ವಿಮಾನದಲ್ಲಿ ಬರುವವನಿಗೆ ಗಾಡಿ ಎಲ್ಲಿಂದ? ಏನಾದರೂ ಒಂದು ಹೇಳದಿದ್ದರೆ ಅವನಿಗೆ ಅನ್ನ ಸೇರುವುದಿಲ್ಲ.

ಇನ್ನು ವಿಮಾನ. ಇಲ್ಲಿ ನನ್ನ ತಲೆ ಕೆಟ್ಟು ಹೋಗಿದೆ. ಮನೆಗೆ ನಡೆಯುವ ಕಾಗದ ವಿಮಾನಕ್ಕೆ ನಡೆಯುವುದಿಲ್ಲವಂತೆ! ಹೋದ ವರ್ಷ ನಿಯಮ ಬದಲಾಯಿಸಿದ್ದಾರೆ. ಮನಸ್ಸಿಗೆ ಆಸರೆಯ ಪ್ರಾಣಿ ಈಗ ವಿಮಾನದಲ್ಲಿ ಬರೀ ಸಾಕುಪ್ರಾಣಿ. ನಲವತ್ತೆರಡು ಪೌಂಡು ಎಂದರೆ ಪೆಟ್ಟಿಗೆಯಲ್ಲಿ ಹಾಕಿ ಸಾಮಾನಿನ ಜೊತೆ ಕೆಳಗೆ. ವಿಮಾನ ಕಂಪನಿಯ ಫೋನಿನಲ್ಲಿದ್ದವನಿಗೆ, "ಇಲ್ಲಿ ನನ್ನ ಮನೇಲಿ ನಾಯಿಗೆ ಹಕ್ಕು ಇದೆ, ಅಲ್ಲಿ ಅವನ ಮನೇಲಿ ಹಕ್ಕು ಇದೆ, ಮಧ್ಯ ಆಕಾಶದಲ್ಲಿ ಮಾತ್ರ ಇಲ್ವಾ?" ಎಂದೆ. "ಹೌದಮ್ಮ, ಸರಿಯಾಗಿ ಹೇಳಿದ್ರಿ" ಎಂದ.

ಆದರೆ ಕೆಲಸ ಕಲಿತ ನಾಯಿಗೆ ಈಗಲೂ ಜಾಗ ಇದೆ. ಕುರುಡರನ್ನು ನಡೆಸುವಂಥದ್ದಕ್ಕೆ. ಅದಕ್ಕೆ ಸರ್ಕಾರದ ಒಂದು ಫಾರಂ. ಎಲ್ಲ ತುಂಬಿ ಕಳಿಸುತ್ತಿದ್ದೇನೆ. ಒಂದೇ ಒಂದು ಸಾಲು: "ಈ ನಾಯಿಗೆ ಯಾವ ಕೆಲಸದ ತರಬೇತಿ ಕೊಡಲಾಗಿದೆ?" ಅಲ್ಲಿ, ಯಜಮಾನ ಗಾಬರಿಯಾದಾಗ ಎದೆಯ ಮೇಲೆ ತಲೆಯಿಟ್ಟು ಒತ್ತುತ್ತದೆ, ಎಂದು ಬರೆದಿದ್ದೇನೆ. ಸಹಿ ಹಾಕು. ಟಿಕೆಟ್ಟು ಏಪ್ರಿಲ್ 27ಕ್ಕೆ.

ನಿನ್ನ ಅಕ್ಕ,
ಐಲಿ


ಕಲ್ಲಿಯೋ
ಏಪ್ರಿಲ್ 8

ಅಕ್ಕಾ,

ಒಲೆಗೆ ಹಾಕಿದೆ.

ಫಾರಮ್ಮಿಗೆ ಸಹಿ ಹಾಕಲಾರೆ. ಪುಲ್ಲಾ ತಲೆ ಇಡುವುದಿಲ್ಲ, ಒತ್ತುವುದಿಲ್ಲ. ಅವಳು ಏನೂ ಮಾಡುವುದಿಲ್ಲ. ಏನೂ ಮಾಡದಿರುವುದೇ ಅವಳು ಮಾಡುವ ಕೆಲಸ. ಅದನ್ನು ಬರೆಯಲು ಆ ಫಾರಮ್ಮಿನಲ್ಲಿ ಜಾಗವಿಲ್ಲ.

ಒಂದು ಸಾಲಿನ ಸುಳ್ಳು ತಾನೇ ಅನ್ನುತ್ತೀಯ. ನಮ್ಮ ಬೀದಿಯ ಕೊನೆಯಲ್ಲಿ ಆಸ್ಕರ್ ನೀಮಿ ಇದ್ದಾನೆ, ಎರಡೂ ಕಣ್ಣಿಲ್ಲ. ಮೂರು ವರ್ಷದ ಕೆಳಗೆ ವಿಮಾನ ನಿಲ್ದಾಣದಲ್ಲಿ ಕೆಂಪು ಅಂಗಿ ತೊಟ್ಟ ಯಾರದೋ ನಾಯಿ ಅವನ ನಾಯಿಯನ್ನು ಕಚ್ಚಿತು. ಅವನ ನಾಯಿ ಎರಡು ವರ್ಷ ಕಲಿತು ಬಂದದ್ದು. ಅಂದಿನಿಂದ ಜನ ಕಂಡರೆ ನಡುಗುತ್ತದೆ, ಅವನನ್ನು ರಸ್ತೆ ದಾಟಿಸುವುದೇ ಇಲ್ಲ. "ನನ್ ಕಣ್ಣು ಎರಡನೇ ಸಲ ಹೋಯ್ತು ಅರ್ವೋ" ಎಂದ. ಅವನ ಮನೆಯ ಮುಂದೆ ದಿನವೂ ಹಾದು ಹೋಗುವವನು ನಾನು.

ರೈಲಿನವರನ್ನು ಕೇಳಿದೆ. ಇಪ್ಪತ್ತು ಪೌಂಡು, ಏಳು ಗಂಟೆಯ ಪ್ರಯಾಣ, ಅದಕ್ಕಿಂತ ಹೆಚ್ಚಿಲ್ಲ. ಬಸ್ಸಿನವರು ನಾಯಿ ಎನ್ನುವುದಕ್ಕೂ ಬಿಡಲಿಲ್ಲ.

ಗಾಡಿ ಓಡಿಸಿಕೊಂಡು ಬಾ ಎನ್ನುತ್ತೀಯ ಎಂದು ಗೊತ್ತು. ಗಾಡಿ ಇದೆ. ಹೆದ್ದಾರಿಗೆ ಮಾತ್ರ ನಾನು ಹತ್ತುವುದಿಲ್ಲ. ಇಲ್ಲಿಯ ಪ್ರತಿ ಮೈಲಿಗಲ್ಲೂ ನನಗೆ ಫೋನಿನಲ್ಲಿ ಕೇಳಿದ ಒಂದೊಂದು ದನಿ. ಹನ್ನೆರಡರಲ್ಲಿ ತಾಯಿ ಮಗಳು. ಹತ್ತೊಂಬತ್ತರಲ್ಲಿ ಹಾಲಿನ ಲಾರಿ. ಅಂಗಡಿಗೂ ಹಿಂದಿನ ಕಾಡುದಾರಿಯಲ್ಲೇ ಹೋಗುತ್ತೇನೆ.

ಕ್ಷಮಿಸು. ಟಿಕೆಟ್ಟು ವಾಪಸ್ ಕೊಡು.

ಅರ್ವೋ


ಟೂಸಾನ್
ಏಪ್ರಿಲ್ 14

ಅರ್ವೋ,

ಟಿಕೆಟ್ಟು ವಾಪಸ್ ಕೊಟ್ಟೆ. ನೀನು ಹೇಳಿದ್ದು ಸರಿ. ಆಸ್ಕರನ ನಾಯಿಯ ವಿಷಯ ನನಗೆ ಗೊತ್ತಿರಲಿಲ್ಲ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೇ 4ರಂದು ನನಗೆ ಹೃದಯದ ಕವಾಟದ ಆಪರೇಷನ್. ಎದೆ ಸೀಳುವುದಿಲ್ಲವಂತೆ, ತೊಡೆಯ ರಕ್ತನಾಳದಿಂದ ಹೊಸದನ್ನು ಕೂರಿಸುತ್ತಾರಂತೆ. ಜನವರಿಯಲ್ಲೇ ಗೊತ್ತಾಯಿತು. ನಿನಗೆ ಹೇಳಿದರೆ ಹೆದರುತ್ತೀಯ ಎಂದು ಕಿತ್ತಳೆ ಅಂದೆ, ಅಡುಗೆ ಅಂದೆ.

ಆಸ್ಪತ್ರೆಯವರದ್ದೂ ಒಂದು ಫಾರಂ ಇದೆ. ಆಪರೇಷನ್ ದಿನ ಮನೆಯಲ್ಲಿ ಫೋನಿನ ಹತ್ತಿರ ಇದ್ದು, ಎತ್ತಿ ಮಾತಾಡುವವರ ಹೆಸರು ಬರೆಯಬೇಕು. ಒಳಗೆ ಏನಾದರೂ ಹೆಚ್ಚುಕಡಿಮೆ ಆದರೆ ಮುಂದೇನು ಮಾಡಬೇಕೆಂದು ಕೇಳುವುದು ಅವರನ್ನೇ. ಆಮೇಲೆ ಮನೆಗೆ ಕರೆತರುವವರೂ ಅವರೇ. ಅಂಥವರು ಇಲ್ಲದಿದ್ದರೆ ಆಪರೇಷನ್ ಮುಂದಕ್ಕೆ ಹಾಕುತ್ತಾರೆ. ನಾನು ನಿನ್ನ ಹೆಸರು ಬರೆದೆ. ಜಗತ್ತಿನಲ್ಲಿ ಫೋನ್ ಎತ್ತಲಾರದ ಒಬ್ಬನೇ ಮನುಷ್ಯನ ಹೆಸರು! ನಗುವುದಿದ್ದರೆ ನಗು. ಬರೆಯುವಾಗ ಬೇರೆ ಯಾವ ಹೆಸರೂ ನೆನಪಿಗೆ ಬರಲಿಲ್ಲ. ಡೆಲ್ಫೀನಾ ಇರುತ್ತಿದ್ದಳು, ಆದರೆ ಅವಳ ಮಗಳಿಗೆ ಅದೇ ವಾರ ಹೆರಿಗೆ.

ನಿನ್ನ ಮಾರ್ಚ್ ತಿಂಗಳ ಕಾಗದ ಓದಿದ ಮೇಲೆ ನಿನ್ನನ್ನು ಇದಕ್ಕೆ ಕೂರಿಸಲು ನನಗೆ ಮನಸ್ಸಿಲ್ಲ. ಸೋಮವಾರ ಹೋಗಿ ಹೆಸರು ಹೊಡೆದು ಹಾಕಿಸುತ್ತೇನೆ. ಆಪರೇಷನ್ ಚಳಿಗಾಲಕ್ಕೆ ಹೋಗಲಿ. ವೈದ್ಯರು ತಡಮಾಡಬಾರದು ಅನ್ನುತ್ತಾರೆ, ಅವರು ಹಾಗೇ ಅನ್ನುವುದು.

ನಿನ್ನ ಅಕ್ಕ


ಕಲ್ಲಿಯೋ
ಏಪ್ರಿಲ್ 20

ತುರ್ತು ಅಂಚೆ

ಹೆಸರು ಹೊಡೆಯಬೇಡ. ಹೊಡೆದಿದ್ದರೆ ಮತ್ತೆ ಬರೆ.

ಅರ್ವೋ


ಟೂಸಾನ್
ಏಪ್ರಿಲ್ 22

ಹೊಡೆದಿರಲಿಲ್ಲ. ಸೋಮವಾರ ಅಲ್ಲಿಯವರೆಗೂ ಹೋಗಿ ಹಾಗೇ ವಾಪಸ್ ಬಂದಿದ್ದೆ. ಹೇಗೆ ಬರುತ್ತೀಯ? ಇದು ನಿನಗೆ ಸಿಗುತ್ತದೋ ಇಲ್ಲವೋ.

ಐಲಿ


ಎಂಪೋರಿಯಾ, ಕ್ಯಾನ್ಸಸ್
ಏಪ್ರಿಲ್ 29

ಅಕ್ಕಾ,

ನಿನ್ನ ಚೀಟಿ ಹೊರಡುವ ಹೊತ್ತಿಗೆ ಸಿಕ್ಕಿತು.

ಮೊದಲ ನಲವತ್ತು ಮೈಲಿಗೆ ಮೂರು ಗಂಟೆ ಹಿಡಿಯಿತು. ಹನ್ನೆರಡರಲ್ಲಿ ನಿಲ್ಲಿಸಿದೆ. ಹತ್ತೊಂಬತ್ತರಲ್ಲಿ ನಿಲ್ಲಿಸಿದೆ. ಪುಲ್ಲಾ ಪಕ್ಕದ ಸೀಟಿನಲ್ಲಿ ಕೆಂಪು ಅಂಗಿಯ ಮೇಲೆ ಬಾಯಿ ತೆರೆದು ಮಲಗಿದ್ದಳು. ಪ್ರತಿ ಸಲವೂ ಅವಳನ್ನು ನೋಡಿ ಮತ್ತೆ ಗೇರು ಹಾಕಿದೆ.

ಜಿಲ್ಲೆಯ ಗಡಿಯ ಫಲಕ ದಾಟಿದ ಮೇಲೆ ಒಂದು ವಿಚಿತ್ರ ಆಯಿತು. ಮುಂದಿನ ಮೈಲಿಗಲ್ಲು ಬಂತು, ಯಾರ ದನಿಯೂ ಇಲ್ಲ. ಇನ್ನೊಂದು ಬಂತು, ಅಲ್ಲೂ ಇಲ್ಲ. ಆಗ ಹೊಳೆಯಿತು. ನಾನು ಕೇಳಿದ್ದೆಲ್ಲ ನನ್ನ ಜಿಲ್ಲೆಯದು. ಇದರಾಚೆ ಏನಾದರೂ ಆಗಿದ್ದರೆ ಅದನ್ನು ಬೇರೆ ಯಾರೋ ಕೇಳಿಸಿಕೊಂಡಿದ್ದಾರೆ. ಗಡಿಯಿಂದ ನಿನ್ನ ಮನೆಯವರೆಗೆ ಸಾವಿರದ ಏಳುನೂರು ಮೈಲಿ ಬರೀ ರಸ್ತೆ! ಇದು ತಿಳಿಯಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಗಾಡಿಯೊಳಗೆ ಜೋರಾಗಿ ಬೈದುಕೊಂಡೆ. ಕೇಳುವವರು ಯಾರೂ ಇರಲಿಲ್ಲ.

ಇಲ್ಲಿ ತಂಗುವ ಮನೆಯ ಮುದುಕಿ ಪುಲ್ಲಾಳನ್ನು ನೋಡಿ, "ಕೆಲ್ಸದ ನಾಯೀನಾ, ಸಾಕಿದ್ ನಾಯೀನಾ?" ಎಂದಳು.

"ಕೆಲ್ಸ ಏನೂ ಮಾಡಲ್ಲಮ್ಮ," ಎಂದೆ.

"ನಿಜ ಹೇಳಿದ್ರಿ ನೋಡಿ! ಇಲ್ಲಿಗೆ ಬರೋ ನಾಯಿಗಳೆಲ್ಲ ಡಾಕ್ಟ್ರುಗಳೇ" ಎಂದು ನಕ್ಕು, ಕೆಳಗಿನ ಕೋಣೆ ಕೊಟ್ಟಳು. ನಾಯಿಯ ಬಾಡಿಗೆ ಮಾತ್ರ ಬಿಡಲಿಲ್ಲ.

ಮೇ 2ರ ಸಂಜೆಗೆ ಬರುತ್ತೇನೆ.

ಅರ್ವೋ


ಟೂಸಾನ್, ಅಡುಗೆ ಮನೆಯ ಮೇಜು
ಮೇ 3

ಅರ್ವೋ,

ನಿನ್ನೆ ಬರಲಿಲ್ಲ. ಗಾಡಿ ಟುಕುಮ್‌ಕ್ಯಾರಿಯಲ್ಲಿ ಕೆಟ್ಟು ನಿಂತಿದೆ ಎಂದು ರಿಪೇರಿಯವನು ಫೋನ್ ಮಾಡಿದ. "ನಿಮ್ ತಮ್ಮ ಇಲ್ಲೇ ಪಕ್ಕದಲ್ಲಿದಾರೆ, ಆದ್ರೆ ಫೋನ್ ತಗೋತಾ ಇಲ್ಲ, ನೀವೇ ಹೇಳಿ ಅಂತಾರೆ" ಎಂದ. ನನಗೆ ನಗು ಬಂತು, ಆಮೇಲೆ ಭಯವೂ ಆಯಿತು.

ನನ್ನನ್ನು ಇಂದೇ ಸೇರಿಸಿಕೊಳ್ಳುತ್ತಾರೆ. ಡೆಲ್ಫೀನಾ ನನ್ನನ್ನು ಆಸ್ಪತ್ರೆಗೆ ಬಿಟ್ಟು ಹಾಗೇ ಮಗಳ ಊರಿಗೆ ಹೋಗುತ್ತಾಳೆ. ಬೀಗದ ಕೈ ಕಿತ್ತಳೆ ಮರದ ಬುಡದಲ್ಲಿದೆ. ಫೋನು ಗೋಡೆಯ ಮೇಲೆ, ಹಳದಿಯದು. ನಾಳೆ ಹತ್ತರಿಂದ ಹನ್ನೊಂದರೊಳಗೆ ಆಸ್ಪತ್ರೆಯವರು ಫೋನ್ ಮಾಡುತ್ತಾರೆ.

ಎತ್ತಲು ಆಗದಿದ್ದರೆ ಬೇಸರ ಮಾಡಿಕೊಳ್ಳಬೇಡ. ಒಳಗೆ ಮಲಗಿದವಳಿಗೆ ನೀನು ಇಲ್ಲಿ ಕೂತಿದ್ದೀಯ ಎಂಬುದೇ ಸಾಕು. ಇದು ಸುಳ್ಳು, ಸಾಕಾಗುವುದಿಲ್ಲ. ಎತ್ತು.

ಪುಲ್ಲಾಗೆ ಬಟ್ಟಲು ಒಲೆಯ ಕೆಳಗೆ ಇಟ್ಟಿದ್ದೇನೆ. ಹಸಿರು ಸೋಫಾ ಮೇಲೆ ಹತ್ತಿಸಬೇಡ.

ಐಲಿ


ಅದೇ ಮೇಜು
ಮೇ 4

ಅಕ್ಕಾ,

ಇದನ್ನು ನೀನು ಕಣ್ಣು ಬಿಟ್ಟ ಮೇಲೆ ಕೈಗೆ ಕೊಡುತ್ತೇನೆ. ಈಗ ಬರೆಯದೆ ಕೂರಲಾಗುತ್ತಿಲ್ಲ.

ಬೆಳಗ್ಗೆ ಏಳಕ್ಕೆ ಬಂದೆ. ಒಂಬತ್ತರಿಂದ ಹಳದಿ ಫೋನಿನ ಕೆಳಗೆ ಕೂತಿದ್ದೇನೆ. ಹತ್ತೂ ಐದಕ್ಕೆ ಅದು ಹೊಡೆಯಿತು. ಕೈ ಕಲ್ಲಾಯಿತು. ಪುಲ್ಲಾಳನ್ನು ನೋಡಿದೆ. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ಐದನೆಯ ಸಲ ಹೊಡೆದಾಗ ಎತ್ತಿದೆ.

"ಮೆರಿಟ್ ಹಾಲ್‌ಸ್ಟೆಡ್ ಮಾತಾಡ್ತಿರೋದು. ನಿಮ್ ಗಾಡಿ ಗೆರೆಯಿಂದ ಒಂದಡಿ ಆಚೆ ಇದೆ."

ಎಷ್ಟು ವರ್ಷದ ಮೇಲೆ ಎತ್ತಿದ ಮೊದಲ ಫೋನು ಅಕ್ಕಾ ಇದು! ಅವನಿಗೆ ನಾನು ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಮುಂದಿನ ಸಭೆಯಲ್ಲಿ ಅವನೇ ನಿನಗೆ ಹೇಳುತ್ತಾನೆ.

ಹತ್ತೂ ನಲವತ್ತಕ್ಕೆ ಮತ್ತೆ ಹೊಡೆಯಿತು. ಈ ಬಾರಿ ಎರಡನೆಯ ಸಲ ಹೊಡೆಯುವಷ್ಟರಲ್ಲೇ ಎತ್ತಿದೆ. ಎತ್ತಿದವನ ಬಾಯಿಂದ ತನ್ನಷ್ಟಕ್ಕೆ ಹಳೆಯ ಮಾತೇ ಬಂತು: "ತುರ್ತು ಸೇವೆ. ಎಲ್ಲಿಂದ ಮಾತಾಡ್ತಿದೀರಿ, ಮೊದಲು ವಿಳಾಸ ಹೇಳಿ."



"ಸರ್... ನಾವೇ ಆಸ್ಪತ್ರೆ," ಎಂದಳು ನರ್ಸು.

"ಗೊತ್ತು, ಹೇಳಿ," ಎಂದೆ. ನನ್ನ ದನಿ ಸಮಾಧಾನವಾಗಿತ್ತು. ನೀನು ಹೇಳುತ್ತಿದ್ದೆಯಲ್ಲ, ಆ ದನಿ.

ಕವಾಟ ಚೆನ್ನಾಗಿ ಕೂತಿದೆಯಂತೆ. ನಿನಗೆ ಅರ್ಧ ಎಚ್ಚರವಾಗಿದೆಯಂತೆ. ಬಾಯಿ ಬಿಟ್ಟವಳೇ ಮೊದಲು ಕೇಳಿದ್ದು, "ನಾಯಿ ಸೋಫಾ ಮೇಲೆ ಹತ್ತಿದೆಯಾ?" ಎಂದು. "ಏನ್ ಹೇಳ್ಲಿ ಸರ್?" ಎಂದಳು ನರ್ಸು.

ನಾನು ತಿರುಗಿ ನೋಡಿದೆ. ಹಸಿರು ಸೋಫಾದ ಉದ್ದಕ್ಕೂ ನಲವತ್ತೆರಡು ಪೌಂಡು ಹರಡಿಕೊಂಡು ತನ್ನ ಕೆಲಸ ಮಾಡುತ್ತಿತ್ತು.

"ಇಲ್ಲ ಅಂತ ಹೇಳಿ," ಎಂದೆ.

ಅದಕ್ಕೂ ಫಾರಂ ಯಾವುದಾದರೂ ಇದ್ದರೆ ಕೊಡು, ಈ ಒಂದು ಸುಳ್ಳಿಗೆ ಸಹಿ ಹಾಕುತ್ತೇನೆ.

ಅರ್ವೋ